ಬೆಕ್ಕು ದ್ರವವೇ ಎಂದು ಅಳೆಯುವುದು ಹೇಗೆ? ಮನೆಯ ಪ್ರಾಣಿಗಳ ಜೊತೆ ವಿನೋದ ಭೌತವಿಜ್ಞಾನ

ಬೆಕ್ಕು ಘನವೋ ದ್ರವವೋ? ನೆನೆದ ನಾಯಿ ಮೈ ಕೊಡವುವಾಗ ಸೆಕೆಂಡಿಗೆ ಎಷ್ಟು ಸಲ ಅತ್ತಿತ್ತ ತಿರುಗುತ್ತದೆ? ಬೆಕ್ಕು ಯಾವಾಗಲೂ ಕಾಲ ಮೇಲೇ ಬೀಳುತ್ತದೆ, ಬ್ರೆಡ್ ಯಾವಾಗಲೂ ಬೆಣ್ಣೆಯ ಬದಿ ಕೆಳಗಾಗಿಯೇ ಬೀಳುತ್ತದೆ ಎನ್ನುತ್ತಾರೆ; ಹಾಗಾದರೆ ಬೆಣ್ಣೆ ಸವರಿದ ಬ್ರೆಡ್ಡನ್ನು ಬೆಕ್ಕಿನ ಬೆನ್ನಿಗೆ ಕಟ್ಟಿದರೆ ಅದು ನೆಲ ಮುಟ್ಟದೆ ಗಾಳಿಯಲ್ಲೇ ಸುತ್ತುತ್ತದಂತೆ, ಹೌದಾ? ಓದುಗರು ಇವನ್ನು ಕೇಳುತ್ತಲೇ ಇರುತ್ತಾರೆ. ಇದರ ಹಿಂದೆಯೇ ಇನ್ನೊಂದು ಪ್ರಶ್ನೆಯೂ ಬರುತ್ತದೆ: ಇದನ್ನೆಲ್ಲ ಮನೆಯಲ್ಲೇ ಅಳೆಯಬಹುದೇ, ಅಳೆದರೆ ಸಂಶೋಧನಾ ಲೇಖನದ ಹಾಗೆ ಬರೆಯುವುದು ಹೇಗೆ?

ಬಹುಪಾಲು ಅಳೆಯಬಹುದು. ಕೆಲವನ್ನು ಅಳೆಯಲೇಬಾರದು. ಎರಡನ್ನೂ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಈ ಕೆಲಸಕ್ಕೆ ನಾನು ಇಟ್ಟುಕೊಂಡಿರುವ ನಿಯಮ ಒಂದೇ. ಪ್ರಶ್ನೆ ಎಷ್ಟು ಬೇಕಾದರೂ ತಮಾಷೆಯದಾಗಿರಲಿ, ಅಳತೆ ಪ್ರಾಮಾಣಿಕವಾಗಿರಬೇಕು. ಅಳತೆಯಲ್ಲೂ ಹುಡುಗಾಟ ಸೇರಿಸಿದರೆ ಓದಿದವರಿಗೆ ನಗುವೂ ಬರುವುದಿಲ್ಲ, ಏನೂ ತಿಳಿಯುವುದೂ ಇಲ್ಲ. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆಂದೇ 1991ರಿಂದ ಇಗ್ ನೊಬೆಲ್ ಬಹುಮಾನ ಕೊಡುತ್ತಿದ್ದಾರೆ. ಬೆಕ್ಕು ನಾಯಿಗಳ ಕುರಿತ ಕೆಲಸ ಅದನ್ನು ಹಲವು ಸಲ ಗೆದ್ದಿದೆ. ಆ ಲೇಖನಗಳನ್ನು ಓದಿದರೆ ತಿಳಿಯುತ್ತದೆ, ತಮಾಷೆಯೆಲ್ಲ ಪ್ರಶ್ನೆಯಲ್ಲಿದೆ. ಲೆಕ್ಕಕ್ಕೆ ಬಂದಾಗ ಅವರು ಯಾವ ರಿಯಾಯಿತಿಯನ್ನೂ ತೆಗೆದುಕೊಂಡಿಲ್ಲ.

ಏನೇನು ಬೇಕು

ಸ್ಲೋ ಮೋಷನ್ ವಿಡಿಯೋ ತೆಗೆಯುವ ಫೋನ್ (ಸೆಕೆಂಡಿಗೆ 120 ಫ್ರೇಮ್ ಸಾಕು, 240 ಇದ್ದರೆ ಒಳ್ಳೆಯದು), ಅಳತೆಯ ಟೇಪು, ತೂಕದ ಯಂತ್ರ, ಪೆನ್ಸಿಲ್, ನೋಟ್‌ಬುಕ್, ಬೇರೆ ಬೇರೆ ಆಕಾರದ ರಟ್ಟಿನ ಪೆಟ್ಟಿಗೆಗಳು, ಬೇಗ ಕಿತ್ತುಬರುವ ಕಾಗದದ ಟೇಪು, ಒಂದು ಕಪ್ಪು ಕನ್ನಡಕ. ಕನ್ನಡಕ ಯಾಕೆ ಎನ್ನುವುದು ಏಳನೇ ಹಂತದಲ್ಲಿದೆ.

ಪ್ರಾಣಿಯ ತೂಕ ನೋಡಲು ಸುಲಭದ ದಾರಿ: ಅದನ್ನು ಎತ್ತಿಕೊಂಡು ಯಂತ್ರದ ಮೇಲೆ ನಿಂತು ಒಮ್ಮೆ ನೋಡಿ, ಒಬ್ಬರೇ ನಿಂತು ಇನ್ನೊಮ್ಮೆ ನೋಡಿ, ಕಳೆಯಿರಿ.

ಎಲ್ಲಕ್ಕಿಂತ ಮುಖ್ಯವಾಗಿ ಬೇಕಾದದ್ದು ಪ್ರಾಣಿಯ ಒಪ್ಪಿಗೆ. ಬೆಕ್ಕು ಕಿವಿಯನ್ನು ಹಿಂದಕ್ಕೆ ಚಪ್ಪಟೆ ಮಾಡಿದರೆ, ಬಾಲ ಪಟಪಟ ಬಡಿದರೆ, ನಾಯಿ ಮುಖ ತಿರುಗಿಸಿ ತುಟಿ ನೆಕ್ಕಿಕೊಳ್ಳತೊಡಗಿದರೆ, ಅದಕ್ಕೆ ಇದು ಇಷ್ಟವಾಗುತ್ತಿಲ್ಲ. ಅಂದಿಗೆ ಅಲ್ಲಿಗೇ ನಿಲ್ಲಿಸಿ. ಹೆದರಿದ ಪ್ರಾಣಿಯಿಂದ ಬಂದ ಅಂಕಿ ಅದರ ಹೆದರಿಕೆಯ ಅಂಕಿ. ನೀವು ಕೇಳಿದ ಪ್ರಶ್ನೆಗೆ ಅದು ಉತ್ತರವಾಗದು.

1. ಸಂಖ್ಯೆಯಲ್ಲಿ ಉತ್ತರ ಸಿಗುವ ಪ್ರಶ್ನೆ ಆರಿಸಿ

"ನಮ್ಮ ಬೆಕ್ಕಿಗೆ ಪೆಟ್ಟಿಗೆ ಯಾಕೆ ಇಷ್ಟ?" ಎಂಬುದನ್ನು ಅಳೆಯಲಾಗದು. "ಚೌಕ ಪೆಟ್ಟಿಗೆಗೆ ಇಳಿದ ಬೆಕ್ಕು ಎಷ್ಟು ಸೆಕೆಂಡಿನಲ್ಲಿ ಅದರ ಮೂಲೆಗಳನ್ನು ತುಂಬುತ್ತದೆ?" ಎಂಬುದನ್ನು ಅಳೆಯಬಹುದು. ಪ್ರಶ್ನೆಯನ್ನು ಬರೆದಿಟ್ಟು ಅದರ ಪಕ್ಕದಲ್ಲಿ ಏಕಮಾನ ಬರೆಯಿರಿ: ಸೆಕೆಂಡು, ಸೆಂಟಿಮೀಟರು, ಸೆಕೆಂಡಿಗೆ ಎಷ್ಟು ಸಲ, ಶೇಕಡಾ. ಏಕಮಾನ ಹೊಳೆಯದಿದ್ದರೆ ಪ್ರಶ್ನೆ ಇನ್ನೂ ತಯಾರಾಗಿಲ್ಲ.

ಪ್ರಾಣಿಯನ್ನು ಬೀಳಿಸಬೇಕಾದ, ಬೇಕೆಂದೇ ನೆನೆಸಬೇಕಾದ, ಹಸಿವು ಬಾಯಾರಿಕೆಯಲ್ಲಿ ಇಡಬೇಕಾದ, ಮೈಗೆ ಏನಾದರೂ ಕಟ್ಟಬೇಕಾದ ಪ್ರಶ್ನೆಗಳನ್ನು ಇಲ್ಲೇ ಹೊಡೆದುಹಾಕಿ.

2. ಬೆಕ್ಕು ದ್ರವವೇ: ಮೊದಲು ವ್ಯಾಖ್ಯೆ, ಆಮೇಲೆ ಪೆಟ್ಟಿಗೆ

ಶಾಲೆಯಲ್ಲಿ ಕಲಿತ ವ್ಯಾಖ್ಯೆ ನೆನಪಿರಬೇಕು. ಘನವಸ್ತುವಿಗೆ ತನ್ನದೇ ಗಾತ್ರ, ತನ್ನದೇ ಆಕಾರ. ದ್ರವಕ್ಕೆ ತನ್ನ ಗಾತ್ರ ಇದೆ, ಆಕಾರ ಮಾತ್ರ ಪಾತ್ರೆಯದು. ಅನಿಲಕ್ಕೆ ಎರಡೂ ಇಲ್ಲ. ಬಟ್ಟಲಿನಲ್ಲಿ ಬಟ್ಟಲಾಗಿ, ಬುಟ್ಟಿಯಲ್ಲಿ ಬುಟ್ಟಿಯಾಗಿ ಮಲಗಿದ ಬೆಕ್ಕಿನ ಫೋಟೋ ನೋಡಿದವರಿಗೆ ಸಂಶಯ ಬರುವುದು ಸಹಜವೇ. 2014ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಮಾರ್ಕ್ ಆಂತ್ವಾನ್ ಫಾರ್ದ್ಯಾಂ ಈ ಸಂಶಯವನ್ನು ಲೆಕ್ಕಕ್ಕೆ ತಂದು ಲೇಖನ ಬರೆದರು. 2017ರಲ್ಲಿ ಅದಕ್ಕೆ ಭೌತವಿಜ್ಞಾನದ ಇಗ್ ನೊಬೆಲ್ ಬಂತು.

ಅವರು ಬಳಸಿದ್ದು ರಿಯಾಲಜಿಯ ಸಾಧನಗಳನ್ನು. ರಿಯಾಲಜಿ ಎಂದರೆ ವಸ್ತುಗಳು ಹರಿಯುವ, ಬಾಗುವ, ಆಕಾರ ಬದಲಿಸುವ ಬಗೆಯನ್ನು ಅಧ್ಯಯನ ಮಾಡುವ ಶಾಸ್ತ್ರ. ಅದರಲ್ಲಿ ಡೆಬೋರಾ ಸಂಖ್ಯೆ ಎಂಬುದೊಂದಿದೆ. 1964ರಲ್ಲಿ ಮಾರ್ಕಸ್ ರೈನರ್ ಇದಕ್ಕೆ ಈ ಹೆಸರಿಟ್ಟರು. ದೇವರ ಮುಂದೆ ಬೆಟ್ಟಗಳೂ ಹರಿದವು ಎಂದು ಹಾಡಿದ ಬೈಬಲ್ಲಿನ ಪ್ರವಾದಿನಿ ಡೆಬೋರಾಳ ಹೆಸರು ಅದು. ಬೆಟ್ಟವೂ ಹರಿಯುತ್ತದೆ, ಆದರೆ ಅದನ್ನು ಕಾಣಲು ಬೇಕಾಗುವಷ್ಟು ಕಾಲ ನಾವು ಕಾಯುವುದಿಲ್ಲ. ಸೂತ್ರ ಇಷ್ಟೇ:

ಡೆಬೋರಾ ಸಂಖ್ಯೆ = ವಸ್ತು ಹೊಸ ಆಕಾರಕ್ಕೆ ಒಗ್ಗಲು ಬೇಕಾದ ಕಾಲ ÷ ನಾವು ನೋಡುತ್ತಾ ಕೂರುವ ಕಾಲ

ಉತ್ತರ ಒಂದಕ್ಕಿಂತ ತೀರಾ ಕಡಿಮೆ ಬಂದರೆ ವಸ್ತು ದ್ರವದಂತೆ, ತೀರಾ ಹೆಚ್ಚು ಬಂದರೆ ಘನದಂತೆ ವರ್ತಿಸುತ್ತಿದೆ ಎಂದರ್ಥ. ನಿಮ್ಮ ಬೆಕ್ಕು ಪೆಟ್ಟಿಗೆಗೆ ಒಗ್ಗಲು 20 ಸೆಕೆಂಡು ತೆಗೆದುಕೊಂಡಿತು, ನೀವು 10 ನಿಮಿಷ ನೋಡಿದಿರಿ ಅನ್ನಿ. 20 ಭಾಗಿಸು 600, ಅಂದರೆ ಸುಮಾರು 0.03. ಬೆಕ್ಕು ದ್ರವ. ಅದೇ ಬೆಕ್ಕು ಅರ್ಧ ಸೆಕೆಂಡಿನಲ್ಲಿ ಕುರ್ಚಿಯಿಂದ ಹಾರುವುದನ್ನು ನೋಡಿದರೆ 20 ಭಾಗಿಸು 0.5, ಅಂದರೆ 40. ಬೆಕ್ಕು ಘನ. ಎರಡು ಉತ್ತರವೂ ಸರಿ. ಒಂದು ವಸ್ತು ಘನವೋ ದ್ರವವೋ ಎನ್ನುವುದು ನೋಡುವ ಕಾಲವನ್ನೂ ಅವಲಂಬಿಸಿದೆ ಎಂಬ ಈ ಮಾತು ಡಾಂಬರಿಗೂ ಹಿಮನದಿಗೂ ಸಲ್ಲುತ್ತದೆ. ನನಗೆ ಈ ಪ್ರಯೋಗ ಇಷ್ಟು ಇಷ್ಟವಾಗುವುದು ಅದಕ್ಕೇ: ಬೆಕ್ಕನ್ನು ನೋಡಿ ನಕ್ಕವರು ಅರಿವಿಲ್ಲದೆಯೇ ರಿಯಾಲಜಿಯ ಮೊದಲ ಪಾಠವನ್ನು ಮುಗಿಸಿರುತ್ತಾರೆ.

ಈಗ ಮಾಡುವ ಕ್ರಮ.

ಬೆಕ್ಕು ಮುದುಡಿ ಮಲಗಿದಾಗ ಸರಿಯಾಗಿ ಹಿಡಿಸುವ ಒಂದು ಚೌಕ ಪೆಟ್ಟಿಗೆ ಹುಡುಕಿ. ಅದರ ತಳದಲ್ಲಿ ಪೆನ್ಸಿಲ್ಲಿನಿಂದ 2 ಸೆಂ.ಮೀ. ಚೌಕಗಳನ್ನು ಎಳೆಯಿರಿ. 30 ಸೆಂ.ಮೀ. ಪೆಟ್ಟಿಗೆಯಾದರೆ ಒಟ್ಟು 225 ಚೌಕ ಬರುತ್ತವೆ. ಪೆಟ್ಟಿಗೆಯನ್ನು ಬೆಕ್ಕು ಓಡಾಡುವ ಜಾಗದಲ್ಲಿಟ್ಟು ದೂರ ಸರಿಯಿರಿ. ಎತ್ತಿ ಒಳಗೆ ಕೂರಿಸಬೇಡಿ. ಸುರಿದ ನೀರು ಹರಿಯುವುದೂ ತಾನಾಗಿ ಬಂದ ಬೆಕ್ಕು ಹರಿಯುವುದೂ ಬೇರೆ ಬೇರೆ ಪ್ರಯೋಗಗಳು, ನಮಗೆ ಬೇಕಾದದ್ದು ಎರಡನೆಯದು.

ನಾಲ್ಕೂ ಕಾಲು ಒಳಗೆ ಬಂದ ಕ್ಷಣದಿಂದ ಕಾಲ ಎಣಿಸಿ. ಮೈಯ ಅಂಚು ಹತ್ತು ಸೆಕೆಂಡು ಅಲುಗಾಡದೆ ನಿಂತರೆ, ಆ ಹತ್ತು ಸೆಕೆಂಡು ಶುರುವಾದ ಕ್ಷಣಕ್ಕೆ ಒಗ್ಗುವ ಕಾಲ ಮುಗಿಯಿತು. ಮೂಸಿ ನೋಡುವುದು, ತಳ ಕೆರೆಯುವುದು, ಮೂರು ಸುತ್ತು ಹಾಕುವುದು ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ನಂತರ ನೇರ ಮೇಲಿನಿಂದ ಫೋಟೋ ತೆಗೆದು, ಕಾಣುತ್ತಿರುವ ಖಾಲಿ ಚೌಕಗಳನ್ನು ಎಣಿಸಿ. 40 ಖಾಲಿ ಇದ್ದರೆ 185 ಮುಚ್ಚಿವೆ, ಅಂದರೆ ಶೇಕಡಾ 82.

ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. ಬೆಕ್ಕು ಬರೀ ನೆಲದ ಮೇಲೂ ವೃತ್ತಾಕಾರವಾಗಿಯೇ ಮುದುಡಿ ಮಲಗುತ್ತದೆ. ಹಾಗಾಗಿ ದುಂಡನೆಯ ಬಟ್ಟಲಿನಲ್ಲಿ ದುಂಡಗೆ ಮಲಗಿದ ಬೆಕ್ಕಿನ ಫೋಟೋ ಎಷ್ಟೇ ಚೆನ್ನಾಗಿದ್ದರೂ ಅದು ಏನನ್ನೂ ಸಾಧಿಸುವುದಿಲ್ಲ. ಆ ಆಕಾರ ಬಟ್ಟಲಿನದೋ ಬೆಕ್ಕಿನದೋ ಹೇಳಲಾಗದು. ಚೌಕ ಪೆಟ್ಟಿಗೆ ಬೇಕಾಗುವುದು ಇದಕ್ಕೇ. ಚೌಕದೊಳಗೆ ನಾಲ್ಕೂ ಬದಿ ಮುಟ್ಟುವ ವೃತ್ತ ಬರೆದರೆ ಅದು ತಳದ ಶೇಕಡಾ 78.5 ಭಾಗವನ್ನು ಮಾತ್ರ ಮುಚ್ಚುತ್ತದೆ (ಪೈ ಭಾಗಿಸು 4). ನಿಮ್ಮ ಬೆಕ್ಕು ಅದಕ್ಕಿಂತ ಸ್ಪಷ್ಟವಾಗಿ ಹೆಚ್ಚು ಮುಚ್ಚಿದ್ದರೆ ಅದು ಮೂಲೆಗಳಿಗೂ ಹರಿದಿದೆ, ತನ್ನ ವೃತ್ತ ಬಿಟ್ಟು ಪೆಟ್ಟಿಗೆಯ ಆಕಾರ ತಳೆದಿದೆ. ಬರೀ ನೆಲದ ಮೇಲೆ ಮಲಗಿದಾಗಿನ ಫೋಟೋವನ್ನೂ ಹೋಲಿಕೆಗೆ ತೆಗೆದಿಡಿ. ಇಂಥ ಹೋಲಿಕೆಯ ಅಳತೆಗೆ ನಿಯಂತ್ರಣ ಪ್ರಯೋಗ ಎನ್ನುತ್ತಾರೆ: ನಾವು ಪರೀಕ್ಷಿಸುವ ಅಂಶವೊಂದನ್ನು ತೆಗೆದು, ಮಿಕ್ಕದ್ದನ್ನೆಲ್ಲ ಹಾಗೇ ಇಟ್ಟು ನೋಡುವುದು.

ಇನ್ನೆರಡು ಎಚ್ಚರಿಕೆ. ಫೋನನ್ನು ಹತ್ತಿರ ಹಿಡಿದರೆ ಬೆಕ್ಕಿನ ಉಬ್ಬಿದ ಬೆನ್ನು ತಳದ ಚೌಕಗಳನ್ನು ಮರೆಮಾಡಿ ಶೇಕಡಾವಾರನ್ನು ಸುಳ್ಳಾಗಿ ಏರಿಸುತ್ತದೆ. ಒಂದೂವರೆ ಮೀಟರಿಗಿಂತ ಮೇಲಿನಿಂದ, ಜೂಮ್ ಮಾಡಿ ತೆಗೆಯಿರಿ. ನೋಡುವ ಕಾಲ 10 ನಿಮಿಷವೋ 1 ನಿಮಿಷವೋ ಎಂಬುದನ್ನು ಪ್ರಯೋಗಕ್ಕೆ ಮೊದಲೇ ಬರೆದಿಡಿ. ಆಮೇಲೆ ಆರಿಸಿದರೆ ಬೇಕಾದ ಉತ್ತರವನ್ನು ಬರಿಸಿಕೊಳ್ಳಬಹುದು, ಹಾಗೆ ಬಂದ ಉತ್ತರಕ್ಕೆ ಬೆಲೆಯಿಲ್ಲ.

ಪಾತ್ರೆಗಳ ವಿಷಯದಲ್ಲಿ ಖಂಡಿತ ಮಾಡಬಾರದ್ದು: ಕಿರಿದಾದ ಕುತ್ತಿಗೆಯ ಜಾಡಿ, ಹೂಜಿ, ಪ್ಲಾಸ್ಟಿಕ್ ಚೀಲ. ತಲೆ ಸಿಕ್ಕಿಕೊಂಡರೆ ಅಪಾಯ. ರಟ್ಟಿನ ಪೆಟ್ಟಿಗೆಯ ಪಿನ್ನುಗಳನ್ನು ಮೊದಲೇ ಕಿತ್ತುಹಾಕಿ.

3. ಕಿಂಡಿಯ ಪ್ರಯೋಗ

ನಿಜವಾದ ದ್ರವಕ್ಕೆ ಕಿಂಡಿ ಅಡ್ಡಡ್ಡವಾಗಿದ್ದರೂ ಉದ್ದುದ್ದವಾಗಿದ್ದರೂ ಒಂದೇ. ಬೆಕ್ಕಿಗೆ ಹಾಗಲ್ಲ. ಹಂಗೆರಿಯ ಪೀಟರ್ ಪೊಂಗ್ರಾಟ್ಸ್ ಬೆಕ್ಕುಗಳಿರುವ ಮನೆಗಳಿಗೇ ರಟ್ಟಿನ ಹಲಗೆಗಳನ್ನು ಒಯ್ದು, ಕ್ರಮವಾಗಿ ಕಿರಿದಾಗುತ್ತಾ ಹೋಗುವ ಕಿಂಡಿಗಳಲ್ಲಿ ಅವು ಹಾಯುವುದನ್ನು ನೋಡಿ 2024ರಲ್ಲಿ ಪ್ರಕಟಿಸಿದರು. ಎತ್ತರವಿದ್ದು ಅಗಲ ಕಡಿಮೆಯಾದಾಗ ಬೆಕ್ಕುಗಳು ತಡೆಯದೆ ನುಗ್ಗಿದವು. ಅಗಲವಿದ್ದು ಎತ್ತರ ಕಡಿಮೆಯಾದಾಗ ಹಿಂದೆಮುಂದೆ ನೋಡಿದವು. ತಮ್ಮ ಮೈಯ ಎತ್ತರದ ಅಂದಾಜನ್ನು ಅವು ಮೊದಲೇ ಹಾಕಿಕೊಳ್ಳುತ್ತವೆ ಎಂಬುದು ಇದರಿಂದ ಬಂದ ತೀರ್ಮಾನ.

ಮನೆಯಲ್ಲಿ ಮಾಡುವುದಾದರೆ ಬಾಗಿಲಿಗೆ ಅಡ್ಡವಾಗಿ ರಟ್ಟು ನಿಲ್ಲಿಸಿ, ತಳ್ಳಿದರೆ ಬೀಳುವಷ್ಟು ಸಡಿಲವಾಗಿರಲಿ. ಕಿಂಡಿಯ ಮುಂದೆ ಬೆಕ್ಕು ಎಷ್ಟು ಸೆಕೆಂಡು ನಿಂತಿತು ಎಂಬುದನ್ನು ಮಾತ್ರ ಅಳೆಯಿರಿ. ಎರಡು ಸಲ ನಿರಾಕರಿಸಿದರೆ ಅದೇ ಉತ್ತರ ಎಂದು ಬರೆದುಕೊಂಡು ರಟ್ಟು ತೆಗೆಯಿರಿ.

4. ನಾಯಿ ಮೈ ಕೊಡವುವ ಆವರ್ತನ

ಆವರ್ತನ ಎಂದರೆ ಒಂದು ಸೆಕೆಂಡಿನಲ್ಲಿ ಒಂದು ಚಲನೆ ಪೂರ್ತಿಯಾಗಿ ಎಷ್ಟು ಸಲ ಮರುಕಳಿಸುತ್ತದೆ ಎಂಬ ಲೆಕ್ಕ, ಏಕಮಾನ ಹರ್ಟ್ಜ್. 2012ರಲ್ಲಿ ಆಂಡ್ರ್ಯೂ ಡಿಕರ್ಸನ್, ಡೇವಿಡ್ ಹೂ ಮತ್ತವರ ಜೊತೆಗಾರರು ಇಲಿಯಿಂದ ಕರಡಿಯವರೆಗೆ 16 ಜಾತಿಯ 33 ಪ್ರಾಣಿಗಳು ಮೈ ಕೊಡವುವುದನ್ನು ಅಳೆದರು. ಪುಟ್ಟ ಇಲಿ ಸೆಕೆಂಡಿಗೆ ಸುಮಾರು 30 ಸಲ ಕೊಡವಿದರೆ ದೊಡ್ಡ ನಾಯಿಗೆ 4ರಿಂದ 5 ಸಲ ಸಾಕಾಗುತ್ತದೆ. ಕಾರಣ ಸರಳ. ನೀರಿನ ಹನಿ ಮೇಲ್ಮೈ ಎಳೆತದಿಂದ (ನೀರಿನ ಹೊರಪದರ ತನ್ನನ್ನು ತಾನೇ ಬಿಗಿದುಕೊಳ್ಳುವ ಗುಣ) ಕೂದಲಿಗೆ ಅಂಟಿರುತ್ತದೆ. ಅದನ್ನು ಕಿತ್ತೆಸೆಯಲು ಬೇಕಾದ ಬಲ ಮೈಯ ಸುತ್ತಳತೆ ಹೆಚ್ಚಿದಂತೆ ಕಡಿಮೆ ವೇಗದ ತಿರುಗಾಟದಲ್ಲೇ ಸಿಗುತ್ತದೆ. ಸಣ್ಣ ಮೈಯವರು ಹೆಚ್ಚು ದುಡಿಯಬೇಕು. ನಾಯಿಯ ಸಡಿಲ ಚರ್ಮವೂ ಸಹಾಯಕ್ಕೆ ಬರುತ್ತದೆ: ಬೆನ್ನೆಲುಬು ತಿರುಗುವುದಕ್ಕಿಂತ ಬಹಳ ಹೆಚ್ಚು ದೂರ ಚರ್ಮ ತಿರುಗುತ್ತದೆ.

ನಾಯಿಗೆ ಹೇಗೂ ಸ್ನಾನ ಮಾಡಿಸುವ ದಿನಕ್ಕೆ ಕಾಯಿರಿ. ಫೋನನ್ನು ನಾಯಿಯ ಮುಖದ ಎದುರಿಗೆ, ಮೂರು ನಾಲ್ಕು ಹೆಜ್ಜೆ ದೂರದಲ್ಲಿ, ನೀರು ಸಿಡಿಯದಂತೆ ನಿಲ್ಲಿಸಿ. ಫ್ಲ್ಯಾಶ್ ಬೇಡ, ಹಗಲು ಬೆಳಕಿರಲಿ. ವಿಡಿಯೋವನ್ನು ಫ್ರೇಮ್ ಫ್ರೇಮ್ ಆಗಿ ಸರಿಸುತ್ತಾ ಕಿವಿಯ ತುದಿಯನ್ನೋ ಎದೆಯ ಮೇಲಿನ ಒಂದು ಗುರುತನ್ನೋ ಹಿಂಬಾಲಿಸಿ. ಬಲಗಡೆಯ ಕೊನೆಯಿಂದ ಹೊರಟು ಎಡಕ್ಕೆ ಹೋಗಿ ಮತ್ತೆ ಬಲಗಡೆಯ ಕೊನೆಗೆ ಬಂದರೆ ಒಂದು ಆವರ್ತ. ಐದು ಆವರ್ತಕ್ಕೆ ಎಷ್ಟು ಫ್ರೇಮ್ ಹಿಡಿಯಿತು ಎಣಿಸಿ. 240 ಫ್ರೇಮಿನ ವಿಡಿಯೋದಲ್ಲಿ 280 ಫ್ರೇಮ್ ಬಂದರೆ, 5 ಗುಣಿಸು 240 ಭಾಗಿಸು 280, ಸುಮಾರು 4.3 ಹರ್ಟ್ಜ್.

ತಪ್ಪುವುದು ಎರಡು ಕಡೆ. ಬಲಕ್ಕೊಂದು ಎಡಕ್ಕೊಂದು ಎಂದು ಎಣಿಸಿದರೆ ಉತ್ತರ ದುಪ್ಪಟ್ಟಾಗುತ್ತದೆ. ಎರಡನೆಯದು ಇನ್ನೂ ಸಾಮಾನ್ಯ: ಸ್ಲೋ ಮೋಷನ್ ವಿಡಿಯೋ ಓಡುವಾಗ ಪರದೆಯಲ್ಲಿ ಕಾಣುವ ಸೆಕೆಂಡುಗಳು ನಿಜವಾದ ಸೆಕೆಂಡುಗಳಲ್ಲ, ಕೆಲವು ಫೋನುಗಳಲ್ಲಿ ಎಂಟು ಪಟ್ಟು ಹಿಗ್ಗಿರುತ್ತವೆ. ಪ್ರಯೋಗಕ್ಕೆ ಮೊದಲು ಇನ್ನೊಂದು ಫೋನಿನಲ್ಲಿ ಓಡುತ್ತಿರುವ ಸ್ಟಾಪ್‌ವಾಚನ್ನು ಅದೇ ವಿಧಾನದಲ್ಲಿ ಚಿತ್ರೀಕರಿಸಿ, ಒಂದು ಸೆಕೆಂಡಿಗೆ ನಿಜವಾಗಿ ಎಷ್ಟು ಫ್ರೇಮ್ ಬರುತ್ತಿದೆ ಎಂದು ನೋಡಿ. ಮುಂದಿನ ಎಲ್ಲ ಲೆಕ್ಕಕ್ಕೂ ಅದೇ ಸಂಖ್ಯೆ.

5. ನೀರು ಕುಡಿಯುವ ನಾಲಗೆ

ನಾಯಿಯೂ ಬೆಕ್ಕೂ ನಾಲಗೆಯನ್ನು ಹಿಂದಕ್ಕೆ ಮಡಚುತ್ತವೆ. ನಾಯಿ ಅದನ್ನು ನೀರಿಗೆ ರಪ್ಪನೆ ಮುಳುಗಿಸುತ್ತದೆ, ಸುತ್ತಲೂ ಚೆಲ್ಲುತ್ತದೆ. ಬೆಕ್ಕು ನಾಲಗೆಯ ತುದಿಯನ್ನು ನೀರಿನ ಮೇಲ್ಮೈಗೆ ಸೋಕಿಸಿ ಸರಕ್ಕನೆ ಮೇಲೆತ್ತುತ್ತದೆ. ಅಂಟಿದ ನೀರು ಕಂಬದಂತೆ ಮೇಲೇಳುತ್ತದೆ. ಮೇಲೇಳುವ ಜಡತ್ವಕ್ಕೂ (ಚಲಿಸುವ ವಸ್ತು ಚಲಿಸುತ್ತಲೇ ಇರಲು ನೋಡುವ ಗುಣ) ಕೆಳಗೆಳೆಯುವ ಗುರುತ್ವಕ್ಕೂ ಜಗ್ಗಾಟ ನಡೆಯುತ್ತದೆ. ಗುರುತ್ವ ಗೆಲ್ಲುವ ಮೊದಲು ಬೆಕ್ಕು ಬಾಯಿ ಮುಚ್ಚಿರುತ್ತದೆ. ಪೆಡ್ರೊ ರೀಸ್, ಸುಂಗ್‌ಹ್ವಾನ್ ಜಂಗ್, ಜೆಫ್ರಿ ಅರಿಸ್ಟಾಫ್, ರೋಮನ್ ಸ್ಟಾಕರ್ 2010ರಲ್ಲಿ ಇದನ್ನು ತೋರಿಸಿಕೊಟ್ಟರು. ಸಾಕುಬೆಕ್ಕು ಸೆಕೆಂಡಿಗೆ ಸುಮಾರು ಮೂರೂವರೆ ಸಲ ನಾಲಗೆ ಚಾಚುತ್ತದೆ. ಮೈ ದೊಡ್ಡದಾದಷ್ಟೂ ವೇಗ ತಗ್ಗುತ್ತದೆ, ತೂಕದ ಆರನೇ ಒಂದರ ಘಾತಕ್ಕೆ ವಿಲೋಮವಾಗಿ (ಅಂದರೆ ತೂಕ 64 ಪಟ್ಟಾದರೆ ವೇಗ ಅರ್ಧವಾಗುತ್ತದೆ). 4 ಕಿಲೋ ಬೆಕ್ಕಿಗೆ ಮೂರೂವರೆ ಎಂದಿಟ್ಟುಕೊಂಡರೆ 150 ಕಿಲೋ ಹುಲಿಗೆ ಸೂತ್ರದ ಪ್ರಕಾರ ಸುಮಾರು 1.9 ಬರುತ್ತದೆ.

ಭಾರವಾದ, ಜಾರದ, ಪಾರದರ್ಶಕ ಬಟ್ಟಲಿನಲ್ಲಿ ನೀರಿಟ್ಟು ಫೋನನ್ನು ನೀರಿನ ಮಟ್ಟಕ್ಕೆ ಸಮನಾಗಿ ಪಕ್ಕದಲ್ಲಿಡಿ. ಮೊದಲ ಎರಡು ಮೂರು ದಿನ ಫೋನ್ ಸುಮ್ಮನೆ ಅಲ್ಲಿರಲಿ, ಪ್ರಾಣಿಗೆ ಅಭ್ಯಾಸವಾಗಲಿ. ಹತ್ತು ಚಾಚಿಗೆ ಫ್ರೇಮ್ ಎಣಿಸಿ. ಬೇಗ ಕುಡಿಯಲೆಂದು ನೀರು ಬಚ್ಚಿಡುವುದು ಯಾವ ಕಾರಣಕ್ಕೂ ಸರಿಯಲ್ಲ.

ಇದರ ಜೊತೆಗೆ ನಾಯಿ ಸಾಕಿದವರಿಗೆ ಸುಲಭದ ಅಳತೆಯೊಂದಿದೆ. ಪ್ಯಾಟ್ರಿಷಿಯಾ ಯಾಂಗ್, ಡೇವಿಡ್ ಹೂ ಮತ್ತು ಸಂಗಡಿಗರ 2014ರ ಅಧ್ಯಯನದ ಪ್ರಕಾರ 3 ಕಿಲೋಗಿಂತ ಹೆಚ್ಚು ತೂಕದ ಸಸ್ತನಿಗಳು ಮೂತ್ರಕೋಶ ಖಾಲಿ ಮಾಡಲು ತೆಗೆದುಕೊಳ್ಳುವ ಕಾಲ ಸುಮಾರು 21 ಸೆಕೆಂಡು, 13 ಸೆಕೆಂಡು ಹೆಚ್ಚುಕಡಿಮೆ. ಆನೆಗೆ ಮೂತ್ರ ಹೆಚ್ಚು, ಆದರೆ ನಾಳವೂ ಉದ್ದ ಮತ್ತು ಅಗಲ. ಗುರುತ್ವ ಜೋರಾಗಿ ಎಳೆಯುತ್ತದೆ. ಈ ಕೆಲಸಕ್ಕೆ 2015ರ ಇಗ್ ನೊಬೆಲ್ ಬಂತು. ಬೆಳಗಿನ ಮೊದಲ ಸಲವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಕಂಬ ಕಂಡಾಗಲೆಲ್ಲ ಕಾಲೆತ್ತುವುದು ಗಡಿ ಗುರುತಿಸುವ ಕೆಲಸ, ಅದಕ್ಕೂ ಮೂತ್ರಕೋಶ ಖಾಲಿಯಾಗುವುದಕ್ಕೂ ಸಂಬಂಧವಿಲ್ಲ.

6. ಬೀಳುವ ಬೆಕ್ಕು, ಬೀಳುವ ಬ್ರೆಡ್

ಬೆಕ್ಕನ್ನು ಬೀಳಿಸಬೇಡಿ. ಹಾಸಿಗೆಯ ಮೇಲೂ ಬೇಡ, ಸ್ವಲ್ಪ ಎತ್ತರದಿಂದಲೂ ಬೇಡ. ಬೆನ್ನು ಕೆಳಗಾಗಿ ಬಿದ್ದ ಬೆಕ್ಕು ಗಾಳಿಯಲ್ಲೇ ತಿರುಗಿ ಕಾಲೂರುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಈಗಾಗಲೇ ಇದೆ. 1894ರಲ್ಲಿ ಫ್ರಾನ್ಸಿನ ಎಟಿಯೆನ್ ಜೂಲ್ ಮಾರೆ ಸಾಲು ಫೋಟೋಗಳಲ್ಲಿ ಇದನ್ನು ಹಿಡಿದರು. 1969ರಲ್ಲಿ ಕೇನ್ ಮತ್ತು ಶೆರ್ ಗಣಿತದ ವಿವರಣೆ ಕೊಟ್ಟರು. ತೊಡಕಿದ್ದದ್ದು ಕೋನೀಯ ಸಂವೇಗದಲ್ಲಿ, ಅಂದರೆ ತಿರುಗುವ ವಸ್ತುವಿನ ತಿರುಗಾಟದ ಮೊತ್ತದಲ್ಲಿ. ಹೊರಗಿನ ತಿರುಚು ಬಲವಿಲ್ಲದೆ ಅದು ಬದಲಾಗದು. ತಿರುಗದೆ ಬೀಳತೊಡಗಿದ ಬೆಕ್ಕಿನಲ್ಲಿ ಅದು ಸೊನ್ನೆ. ಹಾಗಾದರೆ ಬೆಕ್ಕು ತಿರುಗಿದ್ದು ಹೇಗೆ? ಅದು ಮೈಯನ್ನು ನಡುವಿನಲ್ಲಿ ಬಾಗಿಸಿ ಮುಂಭಾಗ, ಹಿಂಭಾಗಗಳನ್ನು ಬೇರೆ ಬೇರೆಯಾಗಿ ತಿರುಗಿಸುತ್ತದೆ. ಮುಂಗಾಲು ಮಡಚಿ ಹಿಂಗಾಲು ಚಾಚಿದರೆ ಮುಂಭಾಗ ಬಹಳ ತಿರುಗುತ್ತದೆ, ಹಿಂಭಾಗ ಎದುರು ದಿಕ್ಕಿಗೆ ಸ್ವಲ್ಪವೇ. ಆಮೇಲೆ ಅದಲುಬದಲು. ಮೊತ್ತ ಸೊನ್ನೆಯಲ್ಲೇ ಉಳಿದು ಬೆಕ್ಕು ಪೂರ್ತಿ ತಿರುಗಿರುತ್ತದೆ.

ಬ್ರೆಡ್ಡಿನ ಕಥೆ ಬೇರೆ. ಅದು ಮೇಜಿನ ಅಂಚಿನಿಂದ ಜಾರುವಾಗ ತಿರುಗಲು ಶುರುಮಾಡುತ್ತದೆ. 75 ಸೆಂ.ಮೀ. ಎತ್ತರದಿಂದ ನೆಲ ಮುಟ್ಟಲು 0.4 ಸೆಕೆಂಡೇ ಸಿಗುವುದರಿಂದ ಸುಮಾರು ಅರ್ಧ ಸುತ್ತು ಮಾತ್ರ ಮುಗಿಯುತ್ತದೆ, ಮೇಲಿದ್ದ ಬದಿ ಕೆಳಗಾಗುತ್ತದೆ. ರಾಬರ್ಟ್ ಮ್ಯಾಥ್ಯೂಸ್ 1995ರಲ್ಲಿ ಇದನ್ನು ಲೆಕ್ಕಹಾಕಿ ಮರುವರ್ಷ ಇಗ್ ನೊಬೆಲ್ ಪಡೆದರು. ಇಲ್ಲಿ ಬೆಣ್ಣೆಯ ಪಾತ್ರ ಬಹಳ ಕಡಿಮೆ, ಮೇಜಿನ ಎತ್ತರದ್ದೇ ಹೆಚ್ಚು. ಹಾಗಾಗಿ ಬ್ರೆಡ್ ಕಟ್ಟಿದ ಬೆಕ್ಕು ಗಾಳಿಯಲ್ಲಿ ಸುತ್ತುತ್ತಾ ನಿಲ್ಲಲು ಕಾರಣವೇ ಇಲ್ಲ. ಬೆಣ್ಣೆಯ ಬದಿಗೆ ನೆಲದ ಸೆಳೆತವಿಲ್ಲ, ಗುರುತ್ವವೂ ಅವೆರಡಕ್ಕಾಗಿ ಬಿಡುವು ಕೊಡುವುದಿಲ್ಲ.

ಬ್ರೆಡ್ಡಿನ ಭಾಗವನ್ನು ನೀವು ಧಾರಾಳವಾಗಿ ಮಾಡಬಹುದು. ಒಣ ಬ್ರೆಡ್ಡಿನ ಒಂದು ಬದಿಗೆ ಗುರುತು ಹಾಕಿ, ಮೇಜಿನ ಅಂಚಿನಿಂದ ನಿಧಾನವಾಗಿ ತಳ್ಳಿ. ಆಮೇಲೆ ಎತ್ತರದ ಕಪಾಟಿನ ಮೇಲಿನಿಂದ ಹಾಗೇ ಮಾಡಿ ಹೋಲಿಸಿ. ಜೋರಾಗಿ ನೂಕಿದರೆ ತಿರುಗುವ ಮೊದಲೇ ಅಂಚು ದಾಟಿಬಿಡುತ್ತದೆ, ಪ್ರಯೋಗ ಕೆಡುತ್ತದೆ.

ಬೆಕ್ಕಿನ ಭಾಗಕ್ಕೆ ಬದಲಿ ಬೇಕಾದರೆ ಅದರ ಜಿಗಿತವನ್ನು ಅಳೆಯಿರಿ. ಆಟಿಕೆಗೆ ನೇರ ಮೇಲಕ್ಕೆ ಜಿಗಿದು ಅದೇ ನೆಲಕ್ಕೆ ಇಳಿದಾಗ ಕಾಲು ಗಾಳಿಯಲ್ಲಿದ್ದ ಕಾಲವನ್ನು ಫ್ರೇಮುಗಳಿಂದ ತೆಗೆಯಿರಿ. ಆ ಕಾಲದ ವರ್ಗವನ್ನು 9.8ರಿಂದ ಗುಣಿಸಿ 8ರಿಂದ ಭಾಗಿಸಿದರೆ ಮೈ ಏರಿದ ಎತ್ತರ ಮೀಟರಿನಲ್ಲಿ ಸಿಗುತ್ತದೆ. 0.6 ಸೆಕೆಂಡಿಗೆ 44 ಸೆಂ.ಮೀ.

7. ನಿಮ್ಮಿಂದಲೇ ಆಗುವ ತಪ್ಪನ್ನು ತಡೆಯಿರಿ

ಕಪ್ಪು ಕನ್ನಡಕದ ವಿಷಯಕ್ಕೆ ಬರೋಣ. ಜರ್ಮನಿಯಲ್ಲಿ ಹಾನ್ಸ್ ಎಂಬ ಕುದುರೆ ಗೊರಸು ತಟ್ಟಿ ಲೆಕ್ಕ ಮಾಡುತ್ತದೆ ಎಂದು ಜನ ನಂಬಿದ್ದರು. ಪ್ರಶ್ನೆ ಕೇಳಿದವರ ಮುಖದಲ್ಲಿ, ತಲೆಯ ಚಲನೆಯಲ್ಲಿ ಅರಿವಿಲ್ಲದೆ ಮೂಡುವ ಸುಳಿವನ್ನು ಅದು ಓದುತ್ತಿದೆ ಎಂದು 1907ರಲ್ಲಿ ಆಸ್ಕರ್ ಫುಂಗ್ಸ್ಟ್ ತೋರಿಸಿದರು. ನಿಮ್ಮ ಪ್ರಾಣಿ ನಿಮ್ಮನ್ನು ಅದಕ್ಕಿಂತ ಚೆನ್ನಾಗಿ ಬಲ್ಲದು. 2021ರಲ್ಲಿ ಗೇಬ್ರಿಯೆಲಾ ಸ್ಮಿತ್ ಮತ್ತು ಸಂಗಡಿಗರು ಬೆಕ್ಕುಗಳು ನೆಲದ ಮೇಲಿನ ಚೌಕದಲ್ಲಿ, ಚೌಕವಿದೆ ಎಂಬ ದೃಷ್ಟಿಭ್ರಮೆ ಹುಟ್ಟಿಸುವ ಚಿತ್ರದಲ್ಲಿ ಕೂರುತ್ತವೆಯೇ ಎಂದು ಮನೆಮನೆಯಲ್ಲಿ ಪರೀಕ್ಷಿಸಿದಾಗ ಯಜಮಾನರಿಗೆಲ್ಲ ಕಪ್ಪು ಕನ್ನಡಕ ಹಾಕಿಸಿದ್ದರು. ಬೆಕ್ಕುಗಳು ನಿಜವಾದ ಚೌಕದಲ್ಲೂ ಭ್ರಮೆಯ ಚೌಕದಲ್ಲೂ ಕೂತವು.

ಟೇಪಿನಿಂದ ಒಂದು ಚೌಕ ಅಂಟಿಸಿ. ಅಷ್ಟೇ ಉದ್ದದ ಟೇಪನ್ನು ಪಕ್ಕದಲ್ಲಿ ಚೌಕವಾಗದಂತೆ ಚದುರಿಸಿ ಅಂಟಿಸಿ. ಯಾವುದು ಎಡಕ್ಕೆ ಯಾವುದು ಬಲಕ್ಕೆ ಎಂಬುದನ್ನು ಪ್ರತಿ ಸಲ ನಾಣ್ಯ ಚಿಮ್ಮಿ ನಿರ್ಧರಿಸಿ. ಕನ್ನಡಕ ಹಾಕಿ, ಮಾತಾಡದೆ ಕೂರಿ. ಟೇಪು ಕಚ್ಚುವ ಬೆಕ್ಕಾದರೆ ಈ ಪ್ರಯೋಗ ಬಿಡಿ.

8. ಅಂಕಿಗಳನ್ನು ನೋಡಿಕೊಳ್ಳುವ ಬಗೆ

ಒಂದೇ ಸಲ ಅಳೆದದ್ದು ಅಳತೆಯಲ್ಲ. ಕನಿಷ್ಠ ಹತ್ತು ಸಲ ಬೇಕು, ಬೇರೆ ಬೇರೆ ದಿನ. ಸರಾಸರಿಗಿಂತ ಮಧ್ಯಾಂಕ ಬಳಸಿ, ಅಂದರೆ ಅಂಕಿಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವುದು. ಒಂದು ದಿನ ಬೆಕ್ಕು ಪೆಟ್ಟಿಗೆಯೊಳಗೆ ಅರ್ಧ ಗಂಟೆ ಮೈ ನೆಕ್ಕಿಕೊಂಡು ಕೂತರೆ ಸರಾಸರಿ ಹಾರಿಹೋಗುತ್ತದೆ, ಮಧ್ಯಾಂಕ ಅಷ್ಟಾಗಿ ಕದಲುವುದಿಲ್ಲ.

"ಬರಲಿಲ್ಲ", "ಎದ್ದು ಹೋಯಿತು" ಎಂಬುದನ್ನೂ ದಾಖಲಿಸಿ. ಸ್ಮಿತ್ ಅವರ ಅಧ್ಯಯನಕ್ಕೆ ಐನೂರಕ್ಕೂ ಹೆಚ್ಚು ಬೆಕ್ಕುಗಳು ಸೇರಿದ್ದವು, ಎಲ್ಲ ಸುತ್ತು ಮುಗಿಸಿದ್ದು 30, ಅವುಗಳಲ್ಲಿ ಯಾವುದಾದರೂ ಆಕಾರದೊಳಗೆ ಕೂತದ್ದು 9. ಅವರು ಇದನ್ನು ಮುಚ್ಚಿಡದೆ ಬರೆದರು. ನಿಮಗೂ ಹಾಗೇ ಆದರೆ ಸಂಕೋಚ ಬೇಡ.

ಅಂಕಿಗಳನ್ನು ಹೇಗೆ ವಿಂಗಡಿಸುತ್ತೀರಿ ಎಂಬುದನ್ನೂ ಮೊದಲೇ ತೀರ್ಮಾನಿಸಿ. ನಾಯಿಗಳು ಮಲ ವಿಸರ್ಜಿಸುವಾಗ ಉತ್ತರ ದಕ್ಷಿಣಕ್ಕೆ ಮೈ ಹೊಂದಿಸುತ್ತವೆ ಎಂದ 2013ರ ಅಧ್ಯಯನ 70 ನಾಯಿಗಳ 1,893 ಸಲದ ದಾಖಲೆ ಇಟ್ಟಿತ್ತು, ಮರುವರ್ಷ ಇಗ್ ನೊಬೆಲ್ ಪಡೆಯಿತು. ಆದರೆ ಆ ಒಲವು ಕಂಡದ್ದು ಭೂಮಿಯ ಕಾಂತಕ್ಷೇತ್ರ ಶಾಂತವಾಗಿದ್ದ ಹೊತ್ತಿನ ದಾಖಲೆಗಳನ್ನು ಬೇರ್ಪಡಿಸಿದ ಮೇಲೆಯೇ. ಇಂಥ ಫಲಿತಾಂಶವನ್ನು ಹೊಸ ನಾಯಿಗಳ ಮೇಲೆ ಮತ್ತೊಮ್ಮೆ ಪರೀಕ್ಷಿಸದೆ ನಾನಂತೂ ಒಪ್ಪಲಾರೆ. ಹತ್ತು ಸಲದ ಅಂಕಿಯನ್ನು ನಾಲ್ಕು ಬಗೆಯಲ್ಲಿ ಕತ್ತರಿಸಿದರೆ ಎಲ್ಲಾದರೂ ಒಂದು ಸ್ವಾರಸ್ಯ ಕಂಡೇ ಕಾಣುತ್ತದೆ.

9. ಬರೆಯುವುದು

ಸಂಶೋಧನಾ ಲೇಖನದ ಕ್ರಮವನ್ನೇ ಪಾಲಿಸಿ: ಪ್ರಶ್ನೆ, ವಿಧಾನ, ಫಲಿತಾಂಶ, ಚರ್ಚೆ. ವಿಧಾನದ ಭಾಗ ಎಲ್ಲಕ್ಕಿಂತ ಉದ್ದವಿರಲಿ. ತಮಾಷೆಗೆ ಶೀರ್ಷಿಕೆ ಮತ್ತು ಚರ್ಚೆಯಲ್ಲಿ ಜಾಗವಿದೆ, ಫಲಿತಾಂಶದ ಕೋಷ್ಟಕದಲ್ಲಿಲ್ಲ. ಯಾವುದು ಅಳೆದದ್ದು, ಯಾವುದು ಊಹೆ, ಯಾವುದು ವಿನೋದ ಎನ್ನುವುದು ಓದುವವರಿಗೆ ಗೊತ್ತಾಗಬೇಕು. ಬೆಕ್ಕಿನ ಒಗ್ಗುವ ಕಾಲ 20 ಸೆಕೆಂಡು ಎಂಬುದು ಅಳತೆ. ಬೆಕ್ಕು ದ್ರವ ಎಂಬುದು ಒಂದು ವ್ಯಾಖ್ಯೆಯನ್ನು ಬೇಕೆಂದೇ ಹಿಗ್ಗಿಸಿ ನೋಡಿದ್ದು. ನೀರು ಹರಿಯುವುದು ಗುರುತ್ವದಿಂದ, ಬೆಕ್ಕು ತನ್ನ ಸ್ನಾಯುಗಳಿಂದಲೂ ಹರಿಯುತ್ತದೆ. ಚರ್ಚೆಯಲ್ಲಿ ಈ ವ್ಯತ್ಯಾಸ ಬರಲೇಬೇಕು.

ಪ್ರಾಣಿಯನ್ನು ಸಹಲೇಖಕನನ್ನಾಗಿ ಸೇರಿಸಬಹುದೇ ಎಂದೂ ಕೇಳುತ್ತಾರೆ. ಪೂರ್ವನಿದರ್ಶನವಿದೆ. ಅಮೆರಿಕದ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಜ್ಯಾಕ್ ಹೆದರಿಂಗ್ಟನ್ 1975ರಲ್ಲಿ ಹೀಲಿಯಂ ಕುರಿತ ತಮ್ಮ ಲೇಖನದಲ್ಲಿ ಉದ್ದಕ್ಕೂ "ನಾವು" ಎಂದು ಬರೆದಿದ್ದರು. ಒಬ್ಬರೇ ಲೇಖಕರಾದರೆ ಅದು ನಡೆಯದು ಎಂದು ಗೊತ್ತಾದಾಗ, ಇಡೀ ಹಸ್ತಪ್ರತಿಯನ್ನು ಮತ್ತೆ ಟೈಪ್ ಮಾಡುವ ಬದಲು ತಮ್ಮ ಸಯಾಮಿ ಬೆಕ್ಕು ಚೆಸ್ಟರ್‌ನನ್ನು ಎಫ್. ಡಿ. ಸಿ. ವಿಲ್ಲರ್ಡ್ ಎಂಬ ಹೆಸರಿನಲ್ಲಿ ಸೇರಿಸಿದರು. ಫಿಸಿಕಲ್ ರಿವ್ಯೂ ಲೆಟರ್ಸ್ ಪತ್ರಿಕೆ ಅದನ್ನು ಪ್ರಕಟಿಸಿತು. ಇಲ್ಲೂ ಭೌತವಿಜ್ಞಾನದಲ್ಲಿ ಕುಂದಿರಲಿಲ್ಲ. ನೀವು ಸೇರಿಸುವುದಾದರೆ ಅದು ಬೆಕ್ಕು ಎಂಬುದನ್ನು ಅಡಿಟಿಪ್ಪಣಿಯಲ್ಲಿ ತಿಳಿಸಿ.

ಕೊನೆಯಲ್ಲಿ ಕಚ್ಚಾ ಅಂಕಿಗಳ ಕೋಷ್ಟಕವನ್ನು ಹಾಗೆಯೇ ಸೇರಿಸಿ: ದಿನಾಂಕ, ಹೊತ್ತು, ಪ್ರಾಣಿಯ ತೂಕ, ವಯಸ್ಸು, ಪೆಟ್ಟಿಗೆಯ ಅಳತೆ, ಸ್ಟಾಪ್‌ವಾಚಿನಿಂದ ಪರೀಕ್ಷಿಸಿದ ಫ್ರೇಮ್ ದರ, ಪ್ರತಿ ಸಲದ ಅಂಕಿ, ನಿರಾಕರಿಸಿದ ಸಲಗಳು. ಇವಿಷ್ಟಿದ್ದರೆ ಇನ್ನೊಂದು ಮನೆಯ ಬೆಕ್ಕಿನ ಮೇಲೆ ಅದೇ ಪ್ರಯೋಗವನ್ನು ಯಾರು ಬೇಕಾದರೂ ಮಾಡಿ, ತಮ್ಮ ಅಂಕಿಯನ್ನು ನಿಮ್ಮದರ ಪಕ್ಕದಲ್ಲಿಟ್ಟು ನೋಡಬಹುದು.